ಕೋವಿಗೂ ಒಂದು ತೌರು

ಕುಣಿಗಲ್ ಎಂದರೆ ಹೊರಗಿನವರಿಗೆ ನೆನಪಾಗುವುದು ಎರಡು 'ಕ'ಗಳು. ಒಂದು ಕೆರೆ, ಇನ್ನೊಂದು ಕುದುರೆ. ಕೆರೆಯ ಹೆಸರನ್ನು ನಮ್ಮ ಹಾಡುಗಾರ್ತಿಯರು ನಾಡಿಗೆಲ್ಲ ಮುಟ್ಟಿಸಿದರು. ಕುದುರೆಗಳ ಹೆಸರನ್ನು ರೇಸಿನವರು ಮುಟ್ಟಿಸಿದರು. ಟಿಪ್ಪು ಸುಲ್ತಾನ ತನ್ನ ಸವಾರರ ದಂಡಿಗೆಂದು ತಳಿ ಬೆಳೆಸಲು ಆರಿಸಿಕೊಂಡ ಹುಲ್ಲುಗಾವಲಂತೆ ಅದು. ಈ ಎರಡರ ಜೊತೆಗೆ ಮೂರನೆಯ 'ಕ' ಒಂದಿದೆ ಎಂದು ನನಗೆ ತಿಳಿದದ್ದು ಹುಲಿಯೂರುದುರ್ಗದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ. ಅದು ಕೋವಿ.

ತುಮಕೂರು ಪೇಟೆಯಲ್ಲಿ ಬೆಳೆದವಳು ನಾನು. ಬಂದೂಕನ್ನು ಪೊಲೀಸರ ಹೆಗಲ ಮೇಲೆ, ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ತೊಡೆಯ ಮೇಲೆ, ಬಿಟ್ಟರೆ ಸಿನಿಮಾದಲ್ಲಿ ನೋಡಿದ್ದೆ, ಅಷ್ಟೆ. ಇಲ್ಲಿ ನೋಡಿದರೆ ನಡುಮನೆಯ ಗೋಡೆಯ ಮೇಲೆ, ಎಡೆಯೂರು ಸಿದ್ಧಲಿಂಗೇಶ್ವರರ ಪಟದಿಂದ ಎರಡು ಮೊಳ ದೂರದಲ್ಲಿ, ಅತ್ತೆಯ ಹಳೆ ಸೀರೆಯ ತುಂಡು ಸುತ್ತಿಕೊಂಡು ಒಂದು ಒಂಟಿ ನಳಿಗೆಯ ಕೋವಿ ಮಲಗಿತ್ತು. ಬಾಯಿಯಿಂದ ಮಸಿ ತುಂಬಿ ಗಜದಲ್ಲಿ ಗಿಡಿಯುವ ಹಳೇ ಜಾತಿಯದು. ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸು ಮಾವನವರ ಟ್ರಂಕಿನಲ್ಲಿ, ಪಹಣಿ ಪತ್ರಗಳ ಮಧ್ಯೆ ಇತ್ತು. ರಾಗಿ ಹಾಲುಗಟ್ಟುವ ಕಾಲಕ್ಕೆ, ಕಡಲೆಕಾಯಿ ಕೀಳುವ ಕಾಲಕ್ಕೆ ಹಂದಿಗಳು ಗುಡ್ಡ ಇಳಿದು ಬರುತ್ತಿದ್ದವು. ಮಾವನವರು ಚರೆ ಹಾಕುತ್ತಿರಲಿಲ್ಲ. ಮಸಿ, ಅದರ ಮೇಲೊಂದಿಷ್ಟು ತೆಂಗಿನ ನಾರು ತುರುಕಿ ಆಕಾಶಕ್ಕೆ ಹಾರಿಸಿಬಿಡುತ್ತಿದ್ದರು. ಆ ಸದ್ದಿಗೆ ಹಂದಿಗಳು ಓಡುತ್ತಿದ್ದವೋ ಇಲ್ಲವೋ, ತೊಟ್ಟಿಲಿನ ಮಕ್ಕಳಂತೂ ಏಳುತ್ತಿದ್ದವು.

ನಾನು ಬಂದ ವರ್ಷ 1984. ಆ ಡಿಸೆಂಬರಿನಲ್ಲಿ ಲೋಕಸಭೆಯ ಚುನಾವಣೆ, ಮರುವರ್ಷ ಮಾರ್ಚಿನಲ್ಲಿ ವಿಧಾನಸಭೆಯದು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಲ್ಲ, ನಾಲ್ಕು ತಿಂಗಳಲ್ಲಿ ಎರಡು ಸಲ ನಮ್ಮ ಕೋವಿ ಗೋಡೆ ಬಿಟ್ಟು ಹೋಯಿತು. ಖಾಲಿ ಮೊಳೆ ನೋಡಿ ನಾನು ಕೇಳಿದರೆ ಅತ್ತೆ ರೊಟ್ಟಿ ತಟ್ಟುತ್ತಲೇ, "ತೌರಿಗೆ ಹೋಗ್ಯದೆ ಕಣೇ. ಹೆಣ್ಣಿಗೊಂದೇ ತೌರು ಇರಬೇಕಾ?" ಎಂದರು. ಹೊಸ ಸೊಸೆ ಮೂರು ತಿಂಗಳಾದರೂ ತೌರಿಗೆ ಹೋಗಿರಲಿಲ್ಲವೆಂಬುದನ್ನು ಆ ಮಾತಿನ ಜೊತೆಗೇ ನೆನಪಿಸಿಕೊಂಡರೋ ಏನೋ, ಮರುವಾರ ನನ್ನನ್ನೂ ಕಳಿಸಿಕೊಟ್ಟರು. ಹೀಗೆ ಆ ಕೋವಿಗೆ ನಾನೊಂದು ಉಪಕಾರದ ಋಣದಲ್ಲಿದ್ದೇನೆ.

ಎರಡನೇ ಸಲ ಠಾಣೆಯಿಂದ ವಾಪಸು ಬಂದಾಗ ಅದರ ಹಿಡಿಯ ಮರ ಸೀಳಿತ್ತು. ಯಾರು ಬೀಳಿಸಿದರೋ, ಹೇಗೆ ಬಿತ್ತೋ, ಕೇಳುವವರು ಯಾರು? ಮಾವನವರು ಮೈಸೂರಿಗೆ ಹೊರಟರು. ಅಲ್ಲೊಂದು ಲೈಸೆನ್ಸುದಾರ ಕೋವಿ ಅಂಗಡಿ, ಅದರ ಹಿಂಬದಿಯಲ್ಲಿ ರಿಪೇರಿ ಮಾಡುವ ಒಬ್ಬ ವಯಸ್ಸಾದ ಸಾಬರು. ನನಗೆ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಿದ್ದುದರಿಂದ ನನ್ನನ್ನೂ ಕರೆದೊಯ್ದರು. ಗೋಣಿಚೀಲದಲ್ಲಿ ಸುತ್ತಿದ ಕೋವಿ ಅವರ ಪಕ್ಕ, ಕೋಡುಬಳೆಯ ಡಬ್ಬಿ ನನ್ನ ತೊಡೆಯ ಮೇಲೆ. ನಾಗಮಂಗಲದ ದಾರಿಯ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತಾಗ ಮಾವನವರು ಕೋಟೆಯ ಕಡೆಗೆ ಕೈ ತೋರಿ, "ಇದರ ಅಪ್ಪಂದಿರು ಹುಟ್ಟಿದ್ದು ಇಲ್ಲೇ ಕಣಮ್ಮ" ಎಂದಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ.

ಸಾಬರು ಕೋವಿಯನ್ನು ತಿರುವಿ ಮುರುವಿ ನೋಡಿದರು. "ಗೌಡ್ರೇ, ಅಂಟು ಹಾಕಿದ್ರೆ ಒಂದು ವರ್ಷ. ಹೊಸಾ ಕುಂದಾ ಕೆತ್ತಿದ್ರೆ ನಿಮ್ಮ ಮಕ್ಕಳ ಕಾಲಕ್ಕೂ ಆಯ್ತದೆ" ಎಂದರು. ಕುಂದಾ ಎಂದರೆ ಹೆಗಲಿಗೆ ಆನಿಸುವ ಮರದ ಭಾಗ. ಮಾವನವರು ಹೂಂ ಎಂದದ್ದೇ, ಆತ ಜೇಬಿನಿಂದ ಟೇಪು ತೆಗೆದು ಅವರ ತೋಳಿನ ಅಳತೆ ತೆಗೆದುಕೊಂಡರು! ಮೊಣಕೈ ಮಡಿಚಿಸಿ, ಮಡಿಕೆಯಿಂದ ತೋರುಬೆರಳಿನ ಗೆಣ್ಣಿನವರೆಗೆ ಒಂದು ಅಳತೆ. ಕೆನ್ನೆಯ ಎತ್ತರ ಒಂದು. ಕತ್ತಿನ ಉದ್ದ ಒಂದು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಪೇಟೆಯ ದರ್ಜಿ ರವಿಕೆಗೆ ಇಷ್ಟು ಅಳತೆ ತೆಗೆದಿದ್ದರೆ ನಾನು ಪ್ರತಿ ದೀಪಾವಳಿಗೂ ತೋಳು ಬಿಚ್ಚಿ ಹೊಲಿಯಬೇಕಾಗುತ್ತಿರಲಿಲ್ಲ. ನಕ್ಕಿದ್ದನ್ನು ನೋಡಿ ಸಾಬರು ಬೇಸರಪಡಲಿಲ್ಲ. "ಒಬ್ಬರ ಕೋವಿ ಇನ್ನೊಬ್ಬರ ಹೆಗಲಿಗೆ ಕೂರಲ್ಲ ಅಮ್ಮ. ಒಂದಿಂಚು ಉದ್ದ ಆದ್ರೆ ತೋಳಿಗೆ ಸಿಕ್ಕೊಳ್ಳುತ್ತೆ, ಗಿಡ್ಡ ಆದ್ರೆ ಹೆಬ್ಬೆರಳು ಬಂದು ಮೂಗಿಗೆ ಹೊಡೆಯುತ್ತೆ. ನಿಮಗಾದ್ರೆ ಇದಕ್ಕಿಂತ ಒಂದಿಂಚು ಕಡಿಮೆ ಇಡಬೇಕು" ಎಂದರು. ನನ್ನನ್ನು ಕೋವಿ ಹಿಡಿಯುವವಳ ಲೆಕ್ಕಕ್ಕೆ ಸೇರಿಸಿ ಮಾತಾಡಿದ ಮೊದಲನೆಯ ಮತ್ತು ಕೊನೆಯ ಮನುಷ್ಯ ಅವರು.

ಕೆಲಸ ಮುಗಿಯಲು ಐದು ದಿನ ಹಿಡಿಯಿತು. ನಾನು ಚಿಕ್ಕಮ್ಮನ ಮನೆಯಿಂದ ಮಾವನವರಿಗೆ ಊಟ ಒಯ್ಯುವ ನೆಪದಲ್ಲಿ ಎರಡು ಸಲ ಹೋಗಿ ನೋಡಿದೆ. ಬೀಟೆ ಮರದ ದಪ್ಪ ತುಂಡು, ಉಳಿ, ಅರ, ಇವೆಲ್ಲ ಬಡಗಿಯ ಹತ್ತಿರವೂ ಇರುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. ಸಾಬರ ಮಗ್ಗುಲಲ್ಲಿ ಒಂದು ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಅದರ ಹೊಗೆಗೆ ಅವರು ಕಬ್ಬಿಣದ ನಳಿಗೆಯನ್ನು ಹಿಡಿಯುವರು. ನಳಿಗೆಗೆ ತೆಳ್ಳಗೆ ಕಾಡಿಗೆ ಕೂರುವುದು. ಆ ಕಾಡಿಗೆ ಹಚ್ಚಿದ ನಳಿಗೆಯನ್ನು ಮರದ ತೋಡಿನಲ್ಲಿ ಮೆಲ್ಲಗೆ ಕೂರಿಸಿ ಎತ್ತುವರು. ಎಲ್ಲೆಲ್ಲಿ ಮರ ಕಪ್ಪಾಯಿತೋ ಅಲ್ಲಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆಯುವರು. ಮತ್ತೆ ಹೊಗೆ, ಮತ್ತೆ ಕೂರಿಸುವುದು, ಮತ್ತೆ ಕೆರೆಯುವುದು. ತೋಡಿನ ಉದ್ದಕ್ಕೂ ಕಾಡಿಗೆ ಒಂದೇ ಸಮನೆ ಅಂಟಿದರೆ ಆಗ ಮರಕ್ಕೂ ಕಬ್ಬಿಣಕ್ಕೂ ಮದುವೆಯಾಯಿತೆಂದು ಲೆಕ್ಕ. ನಡುವೆ ಒಂದು ಕಾಗದ ತೂರಿಸಲೂ ಸಂದಿಯಿರಬಾರದು. ಬಾಣಂತಿ ಮನೆಯಲ್ಲಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ನಮ್ಮಜ್ಜಿ ಮಾಡುತ್ತಿದ್ದ ಕಾಡಿಗೆಗೆ ಇಂಥದೊಂದು ಉದ್ಯೋಗವೂ ಉಂಟೆಂದು ಯಾರಿಗೆ ಗೊತ್ತಿತ್ತು!

ಕೋವಿಯ ಅಂಗಾಂಗಗಳ ಹೆಸರನ್ನೂ ನಾನು ಕಲಿತದ್ದು ಅಲ್ಲೇ. ಮೇಲೆ ಎದ್ದು ನಿಂತು, ಬಿಲ್ಲೆಳೆದ ಕೂಡಲೇ ಬಡಿಯುವ ಕೀಲಿಗೆ ಕುದುರೆ ಎನ್ನುತ್ತಾರೆ. ಕುಣಿಗಲ್ಲಿನವರಿಗೆ ಕುದುರೆ ಎಲ್ಲಿ ಹೋದರೂ ತಪ್ಪಿದ್ದಲ್ಲ. ಕುದುರೆಯನ್ನು ಓಡಿಸುವುದು ಒಳಗಿನ ಸ್ಪ್ರಿಂಗು. "ಇದೇ ಪ್ರಾಣ. ಉಳಿದದ್ದೆಲ್ಲ ಮೈ" ಎಂದು ಸಾಬರು ಆ ಬಾಗಿದ ಉಕ್ಕಿನ ಪಟ್ಟಿಯನ್ನು ಅಂಗೈಯಲ್ಲಿಟ್ಟು ತೋರಿಸಿದ್ದರು. ಒಳ್ಳೆಯ ಕೆಲಸಕ್ಕೆ ಅವರು ಹೇಳುತ್ತಿದ್ದ ಮಾತು 'ಪಟ್ಟಣದ ಕೆಲಸ'. ಶ್ರೀರಂಗಪಟ್ಟಣದ ಕೆಲಸ ಎಂದರ್ಥ.

ಮಾವನವರ ಮಾತಿನ ಅರ್ಥ ನನಗೆ ಆಮೇಲೆ ಪುಸ್ತಕಗಳಲ್ಲಿ ಸಿಕ್ಕಿತು. ಟಿಪ್ಪು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಕಾರ್ಖಾನೆಗಳನ್ನಿಟ್ಟು, ತಾರಾಮಂಡಲವೆಂದು ಹೆಸರು ಕೊಟ್ಟಿದ್ದನಂತೆ. 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳಿಸಿದಾಗ ಅವನು ಕೇಳಿಸಿದವರಲ್ಲಿ ಕುಶಲಕರ್ಮಿಗಳೂ ಇದ್ದರು. ಆದರೆ ಪಟ್ಟಣದ ಕೋವಿಗಳ ಮೇಲೆ ಕೊರೆದಿರುವ ಹೆಸರುಗಳು ನಮ್ಮವರವೇ. ಅಸದ್ ಖಾನ್ ಮಹಮ್ಮದ್, ಸಯ್ಯದ್ ಮಾಸೂಮ್. ನಳಿಗೆಯ ಮೇಲೆ ಹುಲಿಯ ಮೈಪಟ್ಟೆಯ ಚಿತ್ತಾರ, ಹುಲಿಯ ಮುಖ, ತಂದೆ ಹೈದರನ ಹೆಸರಿನ ಗುರುತು, ಜೊತೆಗೆ ಟಿಪ್ಪು ತಾನೇ ಹೊಸದಾಗಿ ಹುಟ್ಟಿಸಿದ ಮೌಲೂದಿ ಶಕೆಯ ಇಸವಿ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅವನ 1221 ಎಂದರೆ ನಮ್ಮ 1793-94. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಅವೆಲ್ಲ ಹಡಗು ಹತ್ತಿದವು. 2019ರ ಮಾರ್ಚಿನಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಸಿಕ್ಕಿದ ಬೆಳ್ಳಿ ಕಟ್ಟಿನ ಕೋವಿಯೊಂದು ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತೆಂದು ಪತ್ರಿಕೆಯಲ್ಲಿ ಬಂದಾಗ, ಮಗಳು ಚಿತ್ರ ತಂದು ತೋರಿಸಿದಳು. ನಾನು ಮೊದಲು ನೋಡಿದ್ದು ಬೆಳ್ಳಿಯನ್ನಲ್ಲ, ಮರ ಕಬ್ಬಿಣ ಸೇರುವ ಗೆರೆಯನ್ನು.

ಅದಕ್ಕೆ ಬೇಕಾದ ಉಕ್ಕೂ ದೂರದ್ದಲ್ಲ. ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ಸಾಹೇಬ ಈ ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟಿದ್ದಾನೆ. ಮಧುಗಿರಿ, ಚಿನ್ನರಾಯನದುರ್ಗ, ದೇವರಾಯನದುರ್ಗ, ಗುಬ್ಬಿ ಕಡೆಯ ಹಾಗಲವಾಡಿ, ಇಲ್ಲೆಲ್ಲ ಕಬ್ಬಿಣ ಕರಗಿಸುತ್ತಿದ್ದರು. ಉಕ್ಕು ಮಾಡುವ ರೀತಿಯಂತೂ ಅಡಿಗೆಯ ಹಾಗೇ ಇದೆ. ಸಣ್ಣ ಮಣ್ಣಿನ ಮೂಸೆ, ಅದರೊಳಗೆ ಒಂದು ತುಂಡು ಕಬ್ಬಿಣ, ನಾಲ್ಕು ತಂಗಡಿ ಕಡ್ಡಿ, ಒಂದೆರಡು ಹಸಿರೆಲೆ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಗೆ. ನಾವು ಹಬೆಯಲ್ಲಿ ಕಡುಬು ಬೇಯಿಸಿದಂತೆ! ಬೇಲಿ ಸಾಲಿನ ಹಳದಿ ಹೂವಿನ ತಂಗಡಿ ನೋಡಿದಾಗಲೆಲ್ಲ ಈಗ ನನಗೆ ಅದೇ ನೆನಪು. ಚನ್ನಪಟ್ಟಣದಲ್ಲಿ ಅದೇ ಉಕ್ಕಿನಿಂದ ವಾದ್ಯದ ತಂತಿ ಎಳೆಯುತ್ತಿದ್ದರು, ದೇಶದೇಶಕ್ಕೆ ಹೋಗುತ್ತಿತ್ತು. ಅದೇ ಊರಿನಲ್ಲಿ ಗಾಜಿನ ಬಳೆಯನ್ನೂ ಮಾಡುತ್ತಿದ್ದರು.

ನಮ್ಮ ಹುಲಿಯೂರುದುರ್ಗ, ಹುತ್ರಿದುರ್ಗಗಳು 1791ರಲ್ಲೇ ಕಂಪನಿಯವರ ಪಾಲಾಗಿದ್ದವು. ಬೆಟ್ಟದ ಮೇಲಿನ ಕಲ್ಲಿನ ಗೋಡೆಯನ್ನು ನೋಡುತ್ತಾ ಹೊಲದಲ್ಲಿ ಕಳೆ ತೆಗೆಯುವಾಗ, ಎಂಥ ಕೆಲಸಗಾರನ ಕೋವಿಯೂ ಊರನ್ನು ಉಳಿಸಲಿಲ್ಲವಲ್ಲ ಎಂದು ಅನ್ನಿಸುತ್ತಿತ್ತು.

ಕೊಡಗಿನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದರೆ ಅವಳು ಒಪ್ಪುವುದಿಲ್ಲ. ಅವರ ಮನೆಗಳಲ್ಲಿ ಕೋವಿ ದೇವರ ಸಮಾನ. ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬದಲ್ಲಿ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣು ಹುಟ್ಟಿದರೆ? ಎಂದು ನಾನು ಕೇಳಿದ್ದಕ್ಕೆ ಅವಳು ಮಾತು ಬದಲಿಸಿದಳು. ಆದರೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ಹೆಂಗಸರೂ ನಿಲ್ಲುತ್ತಾರೆ, ಅದು ನಿಜ.) 1861ರಿಂದ ಅವರಿಗೆ ಲೈಸೆನ್ಸಿನ ಗೊಡವೆಯಿಲ್ಲ, 2019ರಲ್ಲಿ ಆ ವಿನಾಯಿತಿಯನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಇತ್ತ ಬೆಂಗಳೂರಿನಲ್ಲಿ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಸಂಸ್ಥೆಯವರು ಬಹು ದೂರಕ್ಕೆ ಗುರಿಯಿಡುವ ರೈಫಲುಗಳನ್ನು ತಾವೇ ರೂಪಿಸಿ ಮಾಡುತ್ತಿದ್ದಾರೆ. ಅವರ ಮೂಲ ಮನೆತನದ ಕಸುಬು ಏನೆಂದುಕೊಂಡಿರಿ? ಸ್ಪ್ರಿಂಗು ಮಾಡುವುದು. ಸಾಬರು ಇದ್ದಿದ್ದರೆ ತಲೆದೂಗುತ್ತಿದ್ದರು.

ನಮ್ಮ ಮನೆಯ ಕತೆ ಬೇರೆ ದಾರಿ ಹಿಡಿಯಿತು. 2006ರ ಕಡಲೆಕಾಯಿ ಕಾಲದಲ್ಲಿ ಪಕ್ಕದ ಹೋಬಳಿಯಲ್ಲಿ ಅಣ್ಣ ತಮ್ಮ ಇಬ್ಬರು ಹಂದಿ ಕಾಯಲು ಹೋದರು. ಪೊದೆ ಅಲುಗಾಡಿತು, ಅಣ್ಣ ಹೊಡೆದ, ಸತ್ತವನು ತಮ್ಮ. ಅತ್ತೆ ಸಾವಿನ ಮನೆಗೆ ಹೋಗಿ ಬಂದು ಎರಡು ದಿನ ಊಟ ಬಿಟ್ಟರು. "ಆ ತಾಯಿ ಯಾರಿಗೆ ಅಳ್ತಾಳೆ ಹೇಳು? ಮಣ್ಣಿಗೆ ಹೋದೋನಿಗೋ, ಜೈಲಿಗೆ ಹೋದೋನಿಗೋ?" ಎಂದು ಕೇಳಿದರು. ಮಾವನವರು ಆಮೇಲೆ ಕೋವಿಯನ್ನು ಕೆಳಗಿಳಿಸಿ ಎಣ್ಣೆ ಹಚ್ಚುತ್ತಿದ್ದರು, ಮಸಿ ತುಂಬಲಿಲ್ಲ. ಆ ಸೀರೆಯ ತುಂಡನ್ನು ಬದಲಾಯಿಸುವುದನ್ನಂತೂ ಅತ್ತೆ ಬಿಟ್ಟೇಬಿಟ್ಟರು.

2009ರಲ್ಲಿ ಮಾವನವರು ತೀರಿಕೊಂಡರು. ತಿಥಿ ಮುಗಿದ ವಾರಕ್ಕೇ ಮೈದುನ, ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆಂದ. ಅವನು ಕೆಟ್ಟವನಲ್ಲ. ಚಿರತೆಗಳ ಕಾಟ ಹೆಚ್ಚಾಗಿತ್ತು, ತೋಟದ ಮನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಬ್ಬನೇ ಇರುವವನು. ಅಪ್ಪನ ವಸ್ತು ಎಂಬ ಮೋಹ ಬೇರೆ. ನಮ್ಮೆಜಮಾನರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮೂರು ದಿನ ಮನೆಯಲ್ಲಿ ಮಾತಿನ ಮೇಲೆ ಮಾತು. ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಬೇಕಿತ್ತು, ಅತ್ತೆಯ ಹೆಬ್ಬೆಟ್ಟೂ ಬೇಕಿತ್ತು. ಮೈದುನ ಕಾಗದ ಮುಂದಿಟ್ಟಾಗ ಅತ್ತೆ ಹೇಳಿದರು: "ಆ ಮರಾನ ನಿಮ್ಮಪ್ಪನ ತೋಳು ಅಳೆದು ಕೆತ್ತಿದ್ದು ಕಣಪ್ಪ. ನಿನ್ನ ತೋಳಿಗಲ್ಲ. ಬೇಕಾರೆ ನಿನ್ನ ಅತ್ತಿಗೇನ ಕೇಳು, ಅವಳು ಕಣ್ಣಾರೆ ಕಂಡವಳೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದು ಎಂದೆ. ಸಾಬರ ಟೇಪು, ಮೊಣಕೈಯ ಅಳತೆ, ಒಂದಿಂಚಿನ ಲೆಕ್ಕ ಎಲ್ಲವನ್ನೂ ಹೇಳಿದೆ. ಮೈದುನ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಚಿರತೆಗೆ ಅರಣ್ಯ ಇಲಾಖೆಯವರು ಬೋನು ತಂದಿಟ್ಟರು. ತೋಟದ ಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದ್ದಾಯಿತು.

ಠಾಣೆಗೆ ಒಪ್ಪಿಸಲು ಅತ್ತೆಯೇ ಹೊರಟರು. ಜೊತೆಗೆ ನಾನು, ನಮ್ಮೆಜಮಾನರು. ಹೊಸ ಸೀರೆಯ ತುಂಡು ಸುತ್ತಿದ್ದರು, ಮಾಸಲು ಕೆಂಪು ಅಂಚಿನದು. ಬರೆಯುವವರು ಕೋವಿಯ ನಂಬರು ನೋಡಿ, ಒಂಟಿ ನಳಿಗೆ, ಮಸಿ ತುಂಬುವುದು, ಮರದ ಹಿಡಿ ಎಂದು ರಸೀದಿಯಲ್ಲಿ ಬರೆದುಕೊಂಡರು. ಅತ್ತೆಗೆ ಓದಲು ಬಾರದು, ನನ್ನಿಂದ ಓದಿಸಿ ಕೇಳಿದರು. "ಮರ ಮಾಡಿದೋರ ಹೆಸರು?" ಎಂದರು. ಅದಕ್ಕೆ ಕಾಲಂ ಇಲ್ಲವೆಂದರು ಅವರು. ಸಾಬರ ಹೆಸರೇನೆಂದು ಅತ್ತೆ ನನ್ನ ಕಡೆ ತಿರುಗಿದರು. ಮಾವನವರು ಅವರನ್ನು ಕರೆಯುತ್ತಿದ್ದುದು ಸಾಬ್ರೇ ಎಂದು, ನಾನೂ ಹಾಗೆಯೇ. ಅಸದ್ ಖಾನನಂತೆ ನಳಿಗೆಯ ಮೇಲೆ ಹೆಸರು ಕೊರೆಯುವ ಪದ್ಧತಿ ರಿಪೇರಿಯವರಿಗೆಲ್ಲಿ ಬರಬೇಕು?

"ಏನಾದ್ರೂ ಬರೀರಿ ಸ್ವಾಮಿ" ಎಂದು ಅತ್ತೆ ಮೇಜಿನ ಅಂಚು ಹಿಡಿದು ನಿಂತೇ ಇದ್ದರು. ಹಿಂದೆ ಜನ ಕಾಯುತ್ತಿದ್ದರು. ಆ ಮನುಷ್ಯ ಒಳ್ಳೆಯವರು, ಅತ್ತೆಯನ್ನೊಮ್ಮೆ ನೋಡಿ ರಸೀದಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಮರದ ಕೆಲಸ: ಮೈಸೂರು' ಎಂದು ಬರೆದು, ಮೊಹರು ಒತ್ತಿ ಕೊಟ್ಟರು.