ಹಳೆಯ ಬಿಲ್ಲು, ಹೊಸ ಬಿಲ್ಲು

ಕಳೆದ ವರ್ಷ ನಮ್ಮ ಮೊಮ್ಮಗಳು ಬಿಲ್ವಿದ್ಯೆ ಕಲಿಯುವ ಹಂಬಲ ತೋರಿದಾಗ ನಮಗಾದ ಹರ್ಷ ಅಷ್ಟಿಷ್ಟಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅರ್ಜುನನ ಕಥೆ ಓದಿ ಬೆಳೆದ ನಮಗೆ ಬಿಲ್ಲೆಂದರೆ ಬಾಗಿದ ಮರ, ಬಿಗಿದ ಹೆದೆ, ಅಷ್ಟೇ. ಆಕೆ ಬಯಸಿದ್ದಾದರೋ ಎರಡೂ ತುದಿಗಳಲ್ಲಿ ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲನ್ನು. "ಅದು ಯಂತ್ರ, ಬಿಲ್ಲಲ್ಲ" ಎಂದು ನಾವು ತೀರ್ಪಿತ್ತೆವು. ಬಲ್ಲವರನ್ನು ಕೇಳದೆ, 36 ಪೌಂಡ್ ಸೆಳೆತದ ಮರದ ಬಿಲ್ಲೊಂದನ್ನು ಕೊಂಡು ತಂದೆವು.

ಹದಿಮೂರರ ಮಗು ನಮ್ಮ ಮಾತು ಮೀರಲಾರದೆ ಎಳೆಯಿತು. ಮೂರು ವಾರಗಳಲ್ಲಿ ಜಡೆ ಹೆಣೆದುಕೊಳ್ಳಲೂ ಬಲಗೈ ಮೇಲೇಳದಾಯಿತು. "ಅಜ್ಜಾ, ನನಗ ಶಕ್ತಿ ಸಾಲವಲ್ದು" ಎಂದು ತಪ್ಪು ತನ್ನದೆಂಬಂತೆ ಆಕೆ ನುಡಿದಾಗ ನಮ್ಮ ಕರುಳು ಚುರುಕ್ಕೆಂದಿತು.

ವೈದ್ಯರು ಎರಡು ತಿಂಗಳ ವಿಶ್ರಾಂತಿ ವಿಧಿಸಿದರು. ಆ ಅವಧಿಯಲ್ಲಿ ನಾವೇ ತರಬೇತುದಾರರೊಬ್ಬರ ಬಳಿ ವಿದ್ಯಾರ್ಥಿಯಾದೆವು.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಏರುತ್ತದೆ. ಗುರಿ ಹಿಡಿಯುವ ಹೊತ್ತಿಗೆ ಭುಜದ ಮೇಲೆ ಪೂರ್ಣ ಭಾರವಿರುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಭಾರವು ನಡುವೆ ಶಿಖರಕ್ಕೇರಿ, ಗಾಲಿ ಹೊರಳಿದೊಡನೆ ತಗ್ಗುತ್ತದೆ. 50 ಪೌಂಡಿನ ಬಿಲ್ಲಿನಲ್ಲಿ ಶೇಕಡಾ 80ರಷ್ಟು ತಗ್ಗಿದರೆ ಕೈಗೆ ಉಳಿಯುವುದು 10 ಪೌಂಡ್ ಮಾತ್ರ. ಆದರೆ ಆ ಶಿಖರವನ್ನು ದಾಟುವ ಬಲ ಬೇಕೇ ಬೇಕು. ಎಳೆತದ ಉದ್ದವನ್ನು ತೋಳಿನ ಅಳತೆಗೆ ಹೊಂದಿಸಬೇಕು, ಹೆದೆ ಬದಲಿಸಲು ವಿಶೇಷ ಸಲಕರಣೆ ಬೇಕು, ವೆಚ್ಚವೂ ಅಧಿಕ. ಸಾಂಪ್ರದಾಯಿಕ ಬಿಲ್ಲಿನ ನಿರ್ವಹಣೆ ಸುಲಭ, ಆದರೆ ದೀರ್ಘ ಅಭ್ಯಾಸವನ್ನು ಬೇಡುತ್ತದೆ.

ಅಮೆರಿಕದ ಹಾಲೆಸ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಈ ಹೊಸ ಬಿಲ್ಲನ್ನು ಕೀಳೆಣಿಸಿದ್ದು ನಮ್ಮ ಅಜ್ಞಾನ. ತೋಳುಗಳಿಲ್ಲದೆ ಜನಿಸಿದ ಶೀತಲ್ ದೇವಿ, ಕಾಲಿನಿಂದ ಬಿಲ್ಲು ಹಿಡಿದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರರೊಡನೆ ಕಂಚು ಗೆದ್ದದ್ದು ಕಾಂಪೌಂಡ್ ಬಿಲ್ಲಿನ ಸ್ಪರ್ಧೆಯಲ್ಲಿ. ಅಲ್ಲಿಯೇ ಹರ್ವಿಂದರ್ ಸಿಂಗ್ ಚಿನ್ನ ಗೆದ್ದದ್ದು ಗಾಲಿಗಳಿಲ್ಲದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಿಂದ. ಇವರಲ್ಲಿ ಯಾರ ಸಾಧನೆಯನ್ನು ಕಡಿಮೆಯೆನ್ನೋಣ?

ಮಕ್ಕಳಿಗೆ ಬಿಲ್ಲು ಕೊಡಿಸಬಯಸುವ ತಾಯಿತಂದೆಯರಲ್ಲಿ ನಮ್ಮ ವಿನಂತಿಯಿಷ್ಟೆ. ಮೊದಲು ತರಬೇತುದಾರರನ್ನು ಕಾಣಿರಿ. ಕಲಿಕೆಯ ಹಗುರ ಬಿಲ್ಲಿನಲ್ಲಿ ನಿಲುವು, ಉಸಿರು, ಬಿಡುಗಡೆಗಳನ್ನು ಕಲಿಯಲಿ. ಬಾಣ ಹೂಡದೆ ಹೆದೆಯನ್ನು ಎಳೆದು ಬಿಡದಂತೆ ಎಚ್ಚರಿಸಿರಿ. ಅದರಿಂದ ಬಿಲ್ಲು ಮುರಿದು ಗಾಯವಾದೀತು. ಆಯ್ಕೆಯ ಮಾತು ಆಮೇಲೆ.

ಈಗ ನಮ್ಮ ಮೊಮ್ಮಗಳು ತರಬೇತಿ ಕೇಂದ್ರದ 18 ಪೌಂಡಿನ ರಿಕರ್ವ್ ಬಿಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಮುಂದೆ ಯಾವ ಬಿಲ್ಲು ಎಂಬುದನ್ನು ಅವಳೇ ನಿರ್ಧರಿಸಲಿ ಎಂದಿದ್ದೇವೆ. ನಾವು ತಂದ ಬಿಲ್ಲು ನಮ್ಮ ಓದುವ ಕೋಣೆಯ ಗೋಡೆಯಲ್ಲಿದೆ. ಮೊನ್ನೆ ಅದನ್ನು ಇಳಿಸಿ ನಾವೇ ಎಳೆದು ನೋಡಿದೆವು. ಹೆದೆ ಎದೆಯವರೆಗೂ ಬರಲಿಲ್ಲ. ನಮ್ಮಿಂದಾಗದ ಭಾರವನ್ನು ಅಭಿಮಾನದ ಹೆಸರಿನಲ್ಲಿ ಆ ಎಳೆಯ ಭುಜಕ್ಕೆ ಹೊರಿಸಿದ್ದೆವು.