ಒಣ ಖಂಡ ಕೋಳಿಗೆ ಹಾಕಬಹುದೇ?

ನಮ್ಮ ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಮುಗಿದ ಮೇಲೆ ಕೆಲವರ ಮನೆಯಲ್ಲಿ ಖಂಡ ಉಳಿಯುತ್ತದೆ. ಅದಕ್ಕೆ ಉಪ್ಪು, ಅರಿಶಿಣ, ಖಾರ ಹಚ್ಚಿ ಹಗ್ಗದ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಅದರ ಚೂರುಗಳನ್ನು ಹುಡುಗರು ಪ್ರೀತಿಯಿಂದ ಕೋಳಿಗೆ, ಪಾರಿವಾಳಕ್ಕೆ ಹಾಕ್ತಾರ. "ಕೋಳಿ ಹುಳಾ ತಿಂತದ, ಖಂಡ ತಿಂದ್ರ ಏನಾಗ್ತದ?" ಅಂತ ಕೇಳ್ತಾರ. ಈ ಪ್ರಶ್ನೆ ಸರಿಯಾದದ್ದೇ.

ಕೋಳಿಗೆ ಖಂಡ ವಿಷವಲ್ಲ. ಅದು ಕಾಳೂ ತಿಂತದ, ತಿಪ್ಪಿ ಕೆದರಿ ಹುಳಾನೂ ತಿಂತದ. ಫಾರಂ ಕೋಳಿಗಳ ಆಹಾರಕ್ಕೆ ಮೀನಿನ ಪುಡಿ ಬೆರೆಸುವುದೂ ಉಂಟು. ಕೆಟ್ಟದ್ದು ಖಂಡವಲ್ಲ, ಅದಕ್ಕೆ ಹಚ್ಚಿದ ಉಪ್ಪು. ಸಮುದ್ರದ ಹಕ್ಕಿಗಳಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪನ್ನು ಹೊರಹಾಕುವ ಗ್ರಂಥಿ ಇರುತ್ತದೆ. ನಮ್ಮ ಕೋಳಿ, ಪಾರಿವಾಳಕ್ಕೆ ಆ ಅನುಕೂಲ ಇಲ್ಲ. ಉಪ್ಪು ಹೆಚ್ಚಾದರೆ ಅವು ಮೇಲಿಂದ ಮೇಲೆ ನೀರು ಕುಡಿಯುತ್ತವೆ, ನೀರಿನಂತೆ ಹಿಕ್ಕೆ ಹಾಕುತ್ತವೆ, ಕಾಲಲ್ಲಿ ಬಲವಿಲ್ಲದೆ ಕೂತುಬಿಡುತ್ತವೆ, ಸಾಯಲೂಬಹುದು. ಮರಿಗಳಿಗಂತೂ ಇನ್ನೂ ಬೇಗ ತಟ್ಟುತ್ತದೆ.

ಒಂದು ಲೆಕ್ಕ ಮಾಡೋಣ. ಪಾರಿವಾಳ ಸುಮಾರು 300 ಗ್ರಾಂ ತೂಗುತ್ತದೆ. 30 ಕಿಲೋ ತೂಗುವ ಹುಡುಗ ಅದರ 100 ಪಟ್ಟು. ಅಂದರೆ ತೂಕದ ಲೆಕ್ಕದಲ್ಲಿ ನಮ್ಮ ಒಂದು ಚಿಟಿಕೆ ಉಪ್ಪು ಅದಕ್ಕೆ ನೂರು ಚಿಟಿಕೆ ಇದ್ದಂತೆ!

"ಖಾರ ಹತ್ತಿದ್ರ ತಾನ ಬಿಡ್ತದ ಬಿಡೋ" ಅಂತಾರ ಕೆಲವರು. ಬಿಡುವುದಿಲ್ಲ. ಮೆಣಸಿನಕಾಯಿಯ ಖಾರ ನಮಗೆ ಹತ್ತಿದಂತೆ ಹಕ್ಕಿಗಳಿಗೆ ಹತ್ತುವುದಿಲ್ಲ. ಗಿಣಿ ಹೊಲದಾಗ ಮೆಣಸಿನಕಾಯಿ ಆರಾಮಾಗಿ ತಿನ್ನೋದು ಅದಕ್ಕೇ. (ಗಿಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ನೆನಪಿರಲಿ.)

ಪಾರಿವಾಳ ಕಾಳು ತಿನ್ನುವ ಹಕ್ಕಿ. ಅದಕ್ಕೆ ಹಲ್ಲಿಲ್ಲ. ನುಂಗಿದ ಸಣ್ಣ ಹರಳುಗಳೇ ಹೊಟ್ಟೆಯಲ್ಲಿ ಕಾಳನ್ನು ಅರೆಯುತ್ತವೆ. ಅದಕ್ಕೆ ಜೋಳ, ಸಜ್ಜೆ ಹಾಕಿರಿ, ಖಂಡ ಬೇಡವೇ ಬೇಡ.

ಕೋಳಿಗೆ ಕೊಡಲೇಬೇಕೆಂದರೆ ಉಪ್ಪು ಹಚ್ಚುವ ಮೊದಲೇ ಒಂದು ಚೂರು ತೆಗೆದಿಟ್ಟು, ಬೇಯಿಸಿ, ಜೋಳದ ಕಾಳಿನಷ್ಟು ಸಣ್ಣಗೆ ಹೆಚ್ಚಿ ಯಾವಾಗಾದರೊಮ್ಮೆ ಹಾಕಬಹುದು. ಬೂಷ್ಟು ಹಿಡಿದ ಖಂಡವನ್ನು ತಿಪ್ಪೆಗೆ ಒಗೆಯಬಾರದು, ಕೋಳಿ ಕೆದರುವುದು ಅಲ್ಲೇ. ಅದನ್ನು ಆಳವಾಗಿ ಹೂಳಬೇಕು.

ನಮ್ಮವ್ವ ತತ್ತಿ ಮಾರಿದ ರೊಕ್ಕದಾಗ ನನ್ನ ನೋಟ್‌ಬುಕ್ ಬರ್ತಾವ. ನಮ್ಮ ತರಗತಿಯ ಬಹಳ ಮಂದಿಯ ಮನೆಯಲ್ಲೂ ಹೀಗೇ. ಒಂದು ಹ್ಯಾಟಿ ಸತ್ತರೆ ಅದರ ತತ್ತಿಯೂ ಹೋಯಿತು, ಮರಿಯೂ ಹೋಯಿತು. ಆದ್ದರಿಂದ ಗೆಳೆಯರೇ, ಹಕ್ಕಿಗೆ ಪ್ರೀತಿಯಿಂದ ಏನಾದ್ರೂ ಇಡಬೇಕು ಅನ್ನಿಸಿದ್ರ ಒಂದು ಬೋಗುಣಿ ತಣ್ಣೀರು ಇಡ್ರಿ. ನಮ್ಮ ಬಿಸಿಲಿಗೆ ಅದೇ ದೊಡ್ಡ ಉಪಕಾರ.