ಸಮಪಾಲಿನ ಗೆರೆ

ಎಣ್ಣೆಗಾಯಿಗೆ ಬದನೆಕಾಯಿ ಹೆಚ್ಚುವುದಿಲ್ಲ, ಸೀಳುತ್ತಾರೆ. ತುದಿಯ ಕಡೆಯಿಂದ ಈಳಿಗೆಗೆ ಒಂದು ಸಲ ಒತ್ತಿ, ಕಾಯಿಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಸಲ ಒತ್ತಿ, ತೊಟ್ಟು ಹತ್ತಿರ ಬರುತ್ತಲೇ ಕೈ ತಡೆಯುತ್ತಾರೆ. ತೊಟ್ಟು ತುಂಡಾಯಿತೋ, ಎಣ್ಣೆಗಾಯಿ ಆಗಬೇಕಾದದ್ದು ಪಲ್ಯವಾಗುತ್ತದೆ. ಮೇಲೆ ಕೂಡಿಕೊಂಡು ಕೆಳಗೆ ಬಾಯಿಬಿಟ್ಟ ನಾಲ್ಕು ಹೋಳುಗಳ ಸಂದಿಗೆ ಕಡಲೆಕಾಯಿ, ಎಳ್ಳು, ಕೊಬ್ಬರಿಯ ಮಸಾಲೆ ತುಂಬಬೇಕು. ಪಳಗಿದ ಕೈಯಾದರೆ ನಾಲ್ಕು ಪಾಲೂ ಸಮ ಬಂದಿರುತ್ತವೆ. ಆದರೂ ಬಾಣಲೆಗೆ ಹಾಕಿದ ಮೇಲೆ ಅಡಿಗೆ ಬಿದ್ದ ಪಾಲು ಎಣ್ಣೆಯಲ್ಲಿ ಹುರಿದು ಕೆಂಪಾಗುತ್ತದೆ, ಮೇಲಿನದು ಬರೀ ಹಬೆಯಲ್ಲಿ ಬೇಯುತ್ತದೆ. ರುಚಿ ಬಲ್ಲವರು ಮೊದಲು ಕೈ ಹಾಕುವುದು ಅಡಿಯ ಪಾಲಿಗೇ.

ಎರಡು ಗೆರೆ ಅಡ್ಡ ಹಾಯ್ದರೆ ನಾಲ್ಕು ಪಾಲು. ಮೂರು ಪಾಲು ಮಾಡಲು ಕೂತರೆ ಜಗಳ ಗ್ಯಾರಂಟಿ, ಐದಕ್ಕೆ ಕೋನಮಾಪಕ ಬೇಕು. ನಾಲ್ಕಕ್ಕೆ ಮಡಿಸಲು ಬಂದರೆ ಸಾಕು. ಕರವಸ್ತ್ರ ಆಗಲಿ, ಅರ್ಜಿಯ ಹಾಳೆ ಆಗಲಿ, ಎಣ್ಣೆ ಸವರಿ ಎರಡು ಸಲ ಮಡಿಸಿ ಮತ್ತೆ ಲಟ್ಟಿಸುವ ಚಪಾತಿ ಆಗಲಿ, ಅಳತೆಪಟ್ಟಿ ಕೇಳುವುದಿಲ್ಲ. ಅದಕ್ಕೇ ಮನೆ, ಊರು, ಆಟ, ಲಾಂಛನ ಎಲ್ಲ ಕಡೆಯೂ ಈ ಕೂಡಿಸುವ ಗುರುತು ಸಿಗುತ್ತದೆ. ಗೆರೆ ನಾಲ್ಕನ್ನೂ ಸಮ ಮಾಡುತ್ತದೆ ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಬಳಸುವವರು ಬಂದು ಕೂತ ಮೇಲೂ ಅವು ಸಮವಾಗಿ ಉಳಿದದ್ದನ್ನು ಮಾತ್ರ ನಾನು ಎಲ್ಲೂ ನೋಡಿಲ್ಲ.

ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದೈದು ಮನೆಗಳ ಚೌಕ. ನಾಲ್ಕು ಅಂಚಿನ ನಟ್ಟನಡುವೆ ಕತ್ತರಿ ಗುರುತಿನ ಒಂದೊಂದು ಮನೆ, ಮಧ್ಯದಲ್ಲಿ ಇನ್ನೊಂದು. ಆಡುವವರು ನಾಲ್ವರು, ತಲೆಗೆ ನಾಲ್ಕು ಕಾಯಿ, ಎಸೆಯಲು ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎಲ್ಲರೂ ಹೊರಸುತ್ತು ಮುಗಿಸಿ, ಒಂದಾದರೂ ಕಾಯಿ ಕಡಿದು, ಒಳಸುತ್ತಿಗೆ ಇಳಿದು, ನಡುಮನೆಯಲ್ಲಿ ಹಣ್ಣಾಗಬೇಕು. ಮನೆಯ ಲೆಕ್ಕದಲ್ಲಿ ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ನಮ್ಮಜ್ಜಿ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುವಾಗಲೇ ಕಂಬದ ಲೆಕ್ಕ ಹಾಕಿರುತ್ತಿದ್ದಳು. ಒಂದು ಕತ್ತರಿ ಮನೆ ಸರಿಯಾಗಿ ಕಂಬದ ಮುಂದೆ ಬರಬೇಕು. ಅಲ್ಲಿ ಬೆನ್ನು ಆನಿಸಿ ಕೂರುವವಳು ಅವಳೇ. ಎದುರು ಕೂತವನ ಕಣ್ಣಿಗೆ ನೇರವಾಗಿ ಅಂಗಳದ ಬಿಸಿಲು. "ಎರಡು ಬಿತ್ತೋ ಮೂರು ಬಿತ್ತೋ, ಕಾಣಿಸಲ್ವೇನೋ ನಿಂಗೆ?" ಎಂದು ಕೇಳುತ್ತಲೇ ಕವಡೆ ಬಾಚಿಕೊಂಡಿರುತ್ತಿದ್ದಳು.

ಅಜ್ಜಿಯದು ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕೂ ಕಡೆಯಿಂದ ಇಳಿದು ಬಂದ ಹೆಂಚಿನ ಸೂರು, ಮೂಲೆಗೊಂದು ಕಂಬ. ಮಳೆ ಬಂದರೆ ನಾಲ್ಕು ಸೂರಿನ ನೀರೂ ಒಂದೇ ತೊಟ್ಟಿಗೆ ಬಿದ್ದು, ಒಂದೇ ಮೋರಿಯಲ್ಲಿ ಹೊರಗೆ ಹೋಗುತ್ತಿತ್ತು. ಮೇಲೆ ಹಾರುವ ಕಾಗೆಗೆ ನಾಲ್ಕು ಮಗ್ಗುಲೂ ಒಂದೇ. ಕೆಳಗೆ ಬದುಕುವವರಿಗೆ ಹಾಗಿರಲಿಲ್ಲ. ತಲೆಬಾಗಿಲ ಕಡೆಯ ಪಡಸಾಲೆ ಗಂಡಸರದು ಮತ್ತು ಬಂದುಹೋಗುವವರದು. ಅಡುಗೆಮನೆಗೆ ಹತ್ತಿದ ಕಡೆ ಹೆಂಗಸರದು; ಊರಿನ ನಿಜವಾದ ಸುದ್ದಿಯೆಲ್ಲ ಸಿಗುತ್ತಿದ್ದದ್ದು ಅಲ್ಲೇ. ಒಂದು ಕಡೆ ದೇವರು, ಇನ್ನೊಂದು ಕಡೆ ಭತ್ತದ ಮೂಟೆ. ಬೆಳಗಿನ ಬಿಸಿಲು ಪಶ್ಚಿಮದ ಜಗಲಿಗೆ ಬೀಳುತ್ತಿತ್ತು, ಸಂಜೆಯದು ಪೂರ್ವದ ಜಗಲಿಗೆ. ಹಪ್ಪಳದ ಚಾಪೆಯೂ ಅದನ್ನು ಕಾಯುವ ಮಕ್ಕಳೂ ಬಿಸಿಲಿನ ಹಿಂದೆಯೇ ಜರುಗುತ್ತಿದ್ದರು.

ಹಪ್ಪಳದ ಚಾಪೆಯ ಈ ಲೆಕ್ಕವನ್ನೇ ಜೈಪುರದ ಜಂತರ್ ಮಂತರ್‌ನಲ್ಲಿ ಭಾರಿ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ ಸುಮಾರು 27 ಮೀಟರ್ ಎತ್ತರದ, ಮೆಟ್ಟಿಲಿರುವ ಒಂದು ಓರೆ ಗೋಡೆ. ಅದರ ಎರಡು ಮಗ್ಗುಲಿಗೆ ವೃತ್ತದ ಕಾಲುಭಾಗದಷ್ಟು ಬಾಗಿ ಮೇಲೇರಿದ ಎರಡು ಪಟ್ಟಿಗಳು, ಅವುಗಳ ಮೇಲೆ ಅಳತೆಯ ಗೆರೆಗಳು. ಗೋಡೆಯ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಈ ಪಟ್ಟಿಯ ಮೇಲೆ ಜರುಗುತ್ತದೆ. ನಿಮಿಷಕ್ಕೆ ಆರು ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ನಾಲ್ಕು ಬೆರಳಗಲ. ಕೈಗಡಿಯಾರದ ನಿಮಿಷದ ಮುಳ್ಳಿಗಿಂತ ಚುರುಕು. ಬೆಳಿಗ್ಗೆ ನೆರಳು ಪಶ್ಚಿಮದ ಕಾಲುವೃತ್ತದ ಮೇಲೆ, ಹೊತ್ತು ನೆತ್ತಿ ದಾಟಿದ ಮೇಲೆ ಪೂರ್ವದ್ದರ ಮೇಲೆ. ಎರಡಕ್ಕೂ ಒಂದೇ ಅಳತೆ, ಒಂದೇ ಕೆಲಸ, ಪಾಳಿ ಮಾತ್ರ ಬೇರೆ. ಹಿಂದೆ ಯುರೋಪಿನ ನಾವಿಕರು ಧ್ರುವನಕ್ಷತ್ರದ ಎತ್ತರ ಅಳೆಯಲು ಹಿಡಿಯುತ್ತಿದ್ದ ಕ್ವಾಡ್ರಂಟ್ ಕೂಡ ಇಂಥ ಕಾಲುವೃತ್ತವೇ. ದಾರಕ್ಕೆ ತೂಗುಗುಂಡು ಕಟ್ಟಿದ ಕೈಯಲ್ಲಿ ಹಿಡಿಯುವ ಉಪಕರಣ. ದಿಗಂತದಿಂದ ನೆತ್ತಿಗೆ 90 ಡಿಗ್ರಿ. ನಕ್ಷತ್ರದ ಎತ್ತರ ಅದಕ್ಕಿಂತ ಹೆಚ್ಚಿರುವುದು ಸಾಧ್ಯವಿಲ್ಲ, ಹಾಗಾಗಿ ಉಳಿದ ಮುಕ್ಕಾಲು ವೃತ್ತವನ್ನು ಹಡಗಿನಲ್ಲಿ ಹೊತ್ತು ತಿರುಗುವ ಅಗತ್ಯವಿರಲಿಲ್ಲ.

ಊರನ್ನೇ ನಾಲ್ಕು ಗೆರೆ ಎಳೆದು ಹುಟ್ಟಿಸಿದ ಕಥೆ ಬೆಂಗಳೂರಿನದು. 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಲ್ಲಿ ನಾಲ್ಕು ನೇಗಿಲು ಹೂಡಿಸಿ, ಒಳ್ಳೆ ಮುಹೂರ್ತ ನೋಡಿ ನಾಲ್ಕು ದಿಕ್ಕಿಗೆ ಎತ್ತು ಹೊಡೆಸಿದರಂತೆ. ಆ ಸಾಲುಗಳೇ ಬೀದಿಗಳಾದವಂತೆ. ನಾಲ್ಕು ಜೋಡಿಗೂ ಒಂದೇ ಗಳಿಗೆಯಲ್ಲಿ ಅಪ್ಪಣೆ. ಆಮೇಲೆ ಒಂದೊಂದು ಸಾಲಿನ ಹಣೆಬರಹ ಒಂದೊಂದು ಥರ. ದೊಡ್ಡಪೇಟೆ ಅವೆನ್ಯೂ ರಸ್ತೆಯಾಗಿ ಪುಸ್ತಕದ ಅಂಗಡಿಗಳಿಗೆ ಹೆಸರಾಯಿತು, ಚಿಕ್ಕಪೇಟೆ ಮದುವೆ ಸೀರೆಗೆ. ಜೂನ್‌ನಲ್ಲಿ ಒಂದು ಬೀದಿ ಕಿಕ್ಕಿರಿದರೆ, ಲಗ್ನದ ತಿಂಗಳಲ್ಲಿ ಇನ್ನೊಂದು.

ಬೀದಿಯಿಂದ ಸೈಟಿಗೆ ಇಳಿದರೆ ಚೆಕ್ಕುಬಂದಿ ಎದುರಾಗುತ್ತದೆ. ಕ್ರಯಪತ್ರದ ಕೊನೆಯಲ್ಲಿ ಸರ್ವೆ ನಂಬರು, ಉದ್ದಗಲ ಎಲ್ಲ ಬರೆದ ಮೇಲೂ ಪತ್ರ ಬರೆಯುವವರಿಗೆ ಸಮಾಧಾನವಿಲ್ಲ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇತರರ ಸ್ವತ್ತು, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಓಣಿ ಎಂದು ನಾಲ್ಕು ಸಾಲು ಬರೆದು, ಇದರ ಮಧ್ಯೆ ಇರುವುದೇ ನಿನ್ನದು ಅನ್ನುತ್ತಾರೆ. ನಮ್ಮ ಆಸ್ತಿ ಯಾವುದು ಎಂದು ನೆರೆಹೊರೆಯವರನ್ನು ನಿಲ್ಲಿಸಿ ತೋರಿಸುವ ಈ ಪದ್ಧತಿ ನನಗೆ ಬಹಳ ಇಷ್ಟ. ನಾಲ್ಕೂ ಸಾಲಿಗೆ ಒಂದೇ ಶಾಯಿ, ಒಂದೇ ಗಾತ್ರದ ಅಕ್ಷರ. ಬೆಲೆ ನಿಂತಿರುವುದು ಮಾತ್ರ ರಸ್ತೆ ಎಂದಿರುವ ಸಾಲಿನ ಮೇಲೆ. ಹೊಂದಿಕೊಂಡ ಎರಡು ಸಾಲಿನಲ್ಲಿ ರಸ್ತೆ ಬಂದರೆ ಅದು ಮೂಲೆ ಸೈಟು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಂಥವನ್ನು ಹರಾಜಿಗೆ ಇಡುತ್ತದೆ.

ದೇವರ ಮನೆಯಲ್ಲಾದರೂ ಸಮಪಾಲು ಉಳಿದೀತೇ ಎಂದು ಕಾರ್ಕಳದ ಚತುರ್ಮುಖ ಬಸದಿಗೆ ಹೋಗಿ ನೋಡಬೇಕು. 1586ರಲ್ಲಿ ಭೈರರಸ ಕಟ್ಟಿಸಿದ್ದು. ಯಾವ ದಿಕ್ಕಿನಿಂದ ಬಂದರೂ ಅದೇ ಮುಖ, ಅದೇ ಬಾಗಿಲು, ಒಳಗೆ ಅದೇ ಮೂವರು ನಿಂತ ತೀರ್ಥಂಕರರು: ಅರನಾಥ, ಮಲ್ಲಿನಾಥ, ಮುನಿಸುವ್ರತ. ನಾಲ್ಕು ಬಾಗಿಲಿಗೆ ಹನ್ನೆರಡು ಬಿಂಬ. ನಾಲ್ಕನ್ನೂ ಒಂದೇ ಅಚ್ಚಿನಲ್ಲಿ ಕಡೆದು ನಿಲ್ಲಿಸುವ ಹಟ ಅದರ ಕಂಬ ಕಂಬದಲ್ಲೂ ಕಾಣುತ್ತದೆ. ಆದರೂ ಇಪ್ಪತ್ನಾಲ್ಕು ತೀರ್ಥಂಕರರ ಚಿಕ್ಕ ಬಿಂಬಗಳಿಗೆ ಪಶ್ಚಿಮದ ಕಡೆಯಲ್ಲೇ ಜಾಗ ಮಾಡಿಕೊಟ್ಟಿದ್ದಾರೆ. ಇನ್ನು ಬಂದವರ ಮಾತು ಬಿಡಿ. ಎದುರು ಗುಡ್ಡದ ಮೇಲೆ 1432ರಿಂದ ಗೊಮ್ಮಟ ನಿಂತಿದ್ದಾನೆ. ಫೋಟೋ ತೆಗೆಯುವವರೆಲ್ಲ ಅವನು ಕಾಣುವ ಕಡೆಗೇ ಮುಗಿಬೀಳುತ್ತಾರೆ.

ಕಲ್ಲು ಚಿತ್ರವಾದಾಗ ಪಾಲು ಇನ್ನೂ ಏರುಪೇರಾಗುತ್ತದೆ. ಸಾರನಾಥದ ಸ್ತಂಭದ ತಲೆಯ ಮೇಲೆ ಸಿಂಹ ನಾಲ್ಕು, ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. 1950ರ ಜನವರಿ 26ರಂದು ಅದು ರಾಷ್ಟ್ರಲಾಂಛನವಾಗಿ ಕಾಗದಕ್ಕೆ ಇಳಿದಾಗ ಕಾಣುವವು ಮೂರೇ. ಪೀಠದ ಮೇಲೆ ಆನೆ, ಗೂಳಿ, ಕುದುರೆ, ಸಿಂಹ ಎಂದು ದಿಕ್ಕಿಗೊಂದು ಪ್ರಾಣಿ ಇದ್ದರೂ, ಲಾಂಛನದಲ್ಲಿ ಕಾಣುವ ಭಾಗ್ಯ ಬಲಗಡೆಯ ಗೂಳಿಗೆ ಮತ್ತು ಎಡಗಡೆಯ ಕುದುರೆಗೆ. ಸಾರನಾಥದ ವಸ್ತುಸಂಗ್ರಹಾಲಯದಲ್ಲಾದರೆ ಒಂದು ಸುತ್ತು ಹಾಕಿ ಎಲ್ಲರನ್ನೂ ಮಾತಾಡಿಸಿಕೊಂಡು ಬರಬಹುದು. ನೋಟಿನ ಮೇಲೆ, ಪಾಸ್‌ಪೋರ್ಟಿನ ಮೇಲೆ ಆ ಸೌಕರ್ಯವಿಲ್ಲ.

ಈಗ ನಾಲ್ಕು ಪಾಲಿನ ಚಿತ್ರ ಅತಿ ಹೆಚ್ಚು ಓಡಾಡುವುದು ಆಫೀಸಿನ ಸ್ಲೈಡುಗಳಲ್ಲಿ. ಗಾರ್ಟ್ನರ್ ಸಂಸ್ಥೆಯ ಮ್ಯಾಜಿಕ್ ಕ್ವಾಡ್ರಂಟ್ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಗೊತ್ತು. ಒಂದು ಚೌಕ, ಒಳಗೆ ಎರಡು ಗೆರೆ. ಮೇಲಿನ ಬಲ ಪಾಲಿನಲ್ಲಿ ಬಿದ್ದ ಕಂಪನಿಗಳು ಮುಂದಾಳುಗಳು, ಕೆಳಗಿನ ಎಡ ಪಾಲಿನವು ಸಣ್ಣ ವಲಯಕ್ಕೆ ಸೀಮಿತವಾದವು. ಇದನ್ನು ನೋಡಿ ಕಲಿತವರು ತಮ್ಮದೇ ಗೆರೆ ಎಳೆದು, ತಮ್ಮದೇ ಹೆಸರಿಟ್ಟು ಇನ್ನೂ ಎಷ್ಟೋ ಚೌಕ ಬರೆಯುತ್ತಾರೆ. ಬರೆದವರ ಕಂಪನಿ ತಪ್ಪದೆ ಮೇಲಿನ ಬಲ ಮೂಲೆಗೇ ಬಂದು ಕೂತಿರುತ್ತದೆ. ನಕ್ಷೆಯ ರೀತಿಯಲ್ಲಿ ಉತ್ತರ ಮೇಲಿಟ್ಟು ನೋಡಿದರೆ ಅದು ಈಶಾನ್ಯ. ದೇವರಮನೆ ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ, ಯಜಮಾನ ನೈಋತ್ಯಕ್ಕೆ, ನೆಂಟರು ವಾಯವ್ಯಕ್ಕೆ ಎಂದು ನಮ್ಮ ವಾಸ್ತು ಪಂಡಿತರು ಎಂದೋ ಹಂಚಿ ಕೂತಿದ್ದಾರೆ. ಮ್ಯಾನೇಜ್‌ಮೆಂಟ್ ಓದಿದವರೂ ವಾಸ್ತು ಓದಿದವರೂ ಸುಲಭಕ್ಕೆ ಒಪ್ಪುವವರಲ್ಲ. ಶ್ರೇಷ್ಠ ಮೂಲೆ ಯಾವುದು ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಗೆರೆಯ ಮೇಲೆ ಇಷ್ಟೆಲ್ಲ ಅನುಮಾನ ನನ್ನೊಬ್ಬನದೇ ಅಲ್ಲ. ನಾಲ್ಕು ಜನ ಅಣ್ಣತಮ್ಮಂದಿರ ಪಾಲು ಪಾರೀಕತ್ತಿಗೆ ಕೂರುತ್ತಿದ್ದ ಊರ ಹಿರಿಯರಿಗೂ ಇದು ಗೊತ್ತಿತ್ತು. ಹಗ್ಗ ಹಿಡಿದು ಎಷ್ಟು ಸಮ ಅಳೆದರೂ ಒಂದು ಪಾಲಿಗೆ ನೀರು ಹತ್ತಿರ, ಒಂದಕ್ಕೆ ದಾರಿ ಹತ್ತಿರ, ಒಂದಕ್ಕೆ ಮಸಣ. ಬಾವಿಯನ್ನು ಅವರು ಪಾಲಿಗೆ ಹಾಕುತ್ತಲೇ ಇರಲಿಲ್ಲ, ಜಂಟಿ ಎಂದು ಬರೆದು ಬಿಡುತ್ತಿದ್ದರು. ಉಳಿದದ್ದಕ್ಕೆ ಅವರದೊಂದು ಕಟ್ಟಳೆ: ಹಿರಿಯವನು ಪಾಲು ಮಾಡಲಿ, ಕಿರಿಯವನು ಮೊದಲು ಆರಿಸಿಕೊಳ್ಳಲಿ. ಕೊನೆಗೆ ಉಳಿದದ್ದೇ ತನಗೆ ಎಂದು ಗೊತ್ತಿರುವ ಹಿರಿಯವನು ಹಗ್ಗ ಎಳೆಯುವಾಗ ನಾಲ್ಕು ಸಲ ಯೋಚಿಸುತ್ತಾನೆ. ನೀರಿನ ಕಡೆ ಒಂದಡಿ ಕಡಿಮೆ ಮಾಡಿ ಮಸಣದ ಕಡೆ ಎರಡಡಿ ಹೆಚ್ಚು ಬಿಡುತ್ತಾನೆ. ನೋಡಿದವರಿಗೆ ಗೆರೆ ಸೊಟ್ಟ, ಪಾಲು ನೆಟ್ಟಗೆ. ಆಫೀಸಿನ ಸ್ಲೈಡುಗಳಿಗೂ ಈ ಕಟ್ಟಳೆ ತಂದು, ಚೌಕ ಬರೆದವರು ಕೊನೆಗೆ ಉಳಿದ ಪಾಲಿನಲ್ಲಿ ಕೂರಬೇಕು ಎಂದುಬಿಟ್ಟರೆ, ಈಶಾನ್ಯದ ನೂಕುನುಗ್ಗಲು ಒಂದೇ ದಿನಕ್ಕೆ ಕರಗಿ, ಕೆಳಗಿನ ಎಡ ಮೂಲೆಗೂ ಒಂದು ಒಳ್ಳೆ ಹೆಸರು ಸಿಗಬಹುದು.